ತೂಗುಕುರ್ಚಿ ಯಾರ ಮನೆಯದು?

"ಇಡೀ ಕ್ಲಾಸಿಗೆ ಒಬ್ಬಳೇ ಅಜ್ಜೀನಾ ಟೀಚರ್?"

ಉತ್ತರಪತ್ರಿಕೆಗಳ ಕಟ್ಟನ್ನು ಸುಗನ್ಯಾಳ ಮುಂದಿಟ್ಟು ನವನೀತನ್ ತಮಿಳಿನಲ್ಲಿ ಕೇಳಿದ. ಪೆರಿಯನಾಯಕನಪಾಳ್ಯದ ಆ ಶಾಲೆಗೆ ಅವನು ಇಂಗ್ಲಿಷ್ ಮೇಷ್ಟ್ರಾಗಿ ಬಂದು ಇನ್ನೂ ಒಂದು ವಾರವಾಗಿರಲಿಲ್ಲ. ಅವಳ ಪ್ಲಸ್ ಟೂ ಮಕ್ಕಳ ಮಾದರಿ ಪರೀಕ್ಷೆಯನ್ನು ತಿದ್ದಿದವನು ಅವನೇ.

"ಯಾಕೆ ಸಾರ್, ಏನಾಯ್ತು?"

"ಎಲ್ಲರ ಅಜ್ಜಿಗೂ ಬೆಳ್ಳಿ ಕೂದಲು. ಎಲ್ಲರ ಅಜ್ಜಿಯೂ ತೂಗುಕುರ್ಚಿಯಲ್ಲಿ ಕೂತು ರಾಜಕುಮಾರಿ ಕಥೆ ಹೇಳ್ತಾರೆ. ಈ ಊರಲ್ಲಿ ತೂಗುಕುರ್ಚಿ ಯಾರ ಮನೇಲಿದೆ, ಹೇಳಿ ನೋಡೋಣ!"

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ನಕ್ಕರು. ಸುಗನ್ಯಾಳ ಕಣ್ಣು ತುಂಬಿ ಬಂತು. ಅಜ್ಜಿಯ ಬಗೆಗಿನ ಆ ಪ್ರಬಂಧ ಬರೆದುಕೊಟ್ಟು ಬಾಯಿಪಾಠ ಮಾಡಿಸಿದವಳು ಅವಳೇ. ನೆಗಮಂನ ನೇಕಾರರ ಮನೆಯ ಹುಡುಗಿ ಅವಳು. ತಾನೂ ಹಾಗೆ ಓದಿಯೇ ಪಾಸಾಗಿದ್ದಳು. ಬೇರೆ ದಾರಿ ಅವಳಿಗೆ ಗೊತ್ತೇ ಇರಲಿಲ್ಲ...

ಕೋಪ ಬಂದಾಗ ಅವಳ ಬಾಯಿಗೆ ಬರುವುದು ಮನೆಮಾತಾದ ಕನ್ನಡ. ಅತ್ತ ತಿರುಗಿ ಗೊಣಗಿದಳು. "ಬಂದು ಎರಡು ದಿನ ಆಗಿಲ್ಲ, ಮೂತಿ ನೋಡು, ಮಂಗನ ಥರ!"

ನವನೀತನ್ ತಿರುಗಿ ನೋಡಿದ. ಆಮೇಲೆ ಮೆಲ್ಲಗೆ ಕನ್ನಡದಲ್ಲಿ ಹೇಳಿದ. "ಮಂಗಾನೇ ಇರಬಹುದು ಟೀಚರ್... ಆದ್ರೆ ಕುನ್ನತ್ತೂರಿನ ಮಂಗ. ನಮ್ಮ ಮನೇಲೂ ಕನ್ನಡವೇ!"

ಅಯ್ಯೋ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಅವನ ಮಾತು ಒರಟು. ಆದರೆ ಸುಳ್ಳೇ? ಪ್ರಶ್ನೆಯನ್ನು ಒಂಚೂರು ತಿರುಗಿಸಿ ಕೇಳಿಬಿಟ್ಟರೆ ಮಕ್ಕಳ ಗತಿ? ಮೊದಲ ಬೆಂಚಿನ ಸತ್ಯಾ ನೆನಪಾದಳು. ಫೇಲಾದರೆ ಬನಿಯನ್ ಕಂಪನಿಗೆ ನಡಿ ಎಂದು ಅವಳಪ್ಪ ಆಗಲೇ ಹೇಳಿಟ್ಟಿದ್ದರು.

ಮರುದಿನ ಅವಳೇ ಹೋಗಿ ಕೇಳಿದಳು. "ಬಾಯಿಪಾಠ ಇಲ್ಲದೆ ಬರೆಯೋದನ್ನ ಹೇಗೆ ಕಲಿಸ್ತೀರಿ ಸಾರ್? ಬಂದು ತೋರಿಸಿ."

ಅವನು ಆ ಸಂಜೆಯ ವಿಶೇಷ ಕ್ಲಾಸಿಗೆ ಬಂದ. ಸೀಮೆಸುಣ್ಣ ಮುಟ್ಟಲಿಲ್ಲ.

"ನಿಮ್ಮಜ್ಜಿ ನಿಜವಾಗಿ ಏನ್ ಮಾಡ್ತಾರೆ ಸತ್ಯಾ? ಮನೇಲಿ ಮಾತಾಡೋ ಹಾಗೇ ಹೇಳು."

ಸತ್ಯಾ ನಾಚುತ್ತಲೇ ಎದ್ದಳು. "ಟೀವಿ ಸೀರಿಯಲ್‌ನಲ್ಲಿ ಬರೋ ಅತ್ತೇನ ಬೈತಾರೆ ಸಾರ್. ಸೀರಿಯಲ್ ಮುಗಿದ ಮೇಲೆ ಅದೇ ಮಾತಲ್ಲಿ ನಮ್ಮಮ್ಮಂಗೆ ಬೈತಾರೆ!"

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಸುಗನ್ಯಾಳೂ ನಕ್ಕಳು. "ಈಗ ಅದನ್ನೇ ಇಂಗ್ಲಿಷಿನಲ್ಲಿ ಬರಿ. ತಪ್ಪಾದ್ರೆ ಆಗಲಿ, ತಿದ್ದೋಕೆ ಟೀಚರ್ ಇದ್ದಾರಲ್ಲ," ಎಂದು ಅವನು ಅವಳತ್ತ ನೋಡಿದ. ಆ ನೋಟದಲ್ಲಿ ಗೇಲಿ ಇರಲಿಲ್ಲ. ಭರವಸೆ ಇತ್ತು.

ಅಂದಿನಿಂದ ಸಂಜೆಯ ಕ್ಲಾಸು ಇಬ್ಬರದಾಯಿತು. ಅವನು ಮಕ್ಕಳನ್ನು ಮಾತಾಡಿಸಿದರೆ ಅವಳು ವಾಕ್ಯ ಕಟ್ಟುವುದನ್ನು ತೋರಿಸುತ್ತಿದ್ದಳು. ಬಿಡುವಿನಲ್ಲಿ ಒಂದೇ ಫ್ಲಾಸ್ಕಿನ ಕಾಫಿ. ಯಾವಾಗಿನಿಂದ ಅವನ ಹೆಜ್ಜೆಯ ಸದ್ದಿಗೆ ಕಾಯತೊಡಗಿದಳೋ ಅವಳಿಗೇ ತಿಳಿಯಲಿಲ್ಲ...

ಅಷ್ಟರಲ್ಲಿ ಒಂದು ದಿನ ಹೆಡ್‌ಮಾಸ್ಟರ್ ದಂಡಪಾಣಿ ಕರೆಸಿದರು. "ಇವತ್ತಿಂದ ಸಂಜೆ ಕ್ಲಾಸಿಗೆ ನೀವು ಬೇಡಮ್ಮಾ. ನವನೀತನ್ ಒಬ್ಬರೇ ನೋಡ್ಕೋತಾರಂತೆ. ಅವರೇ ಕೇಳಿಕೊಂಡ್ರು."

ಅವಳು ತಲೆಯಾಡಿಸಿ ಹೊರಗೆ ಬಂದಳು. 'ನಾನು ಬೇಡ್ವಾ? ನನ್ನ ಇಂಗ್ಲಿಷು ಸಾಲದು ಅಂತ ಅವರಿಗೂ ಅನ್ನಿಸಿಬಿಡ್ತಾ?'

ಅಂದಿನಿಂದ ಮಾತಿಲ್ಲ. ಅವನು ಕಾಫಿ ಚಾಚಿದರೆ ಇವಳು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು.

ಒಂದು ಸಂಜೆ ಸುಗನ್ಯಾ ತನ್ನ ಅಮ್ಮ ಚಂದ್ರಾಳ ಕಣ್ಣಿಗೆ ಮದ್ದು ಬಿಡುತ್ತಿದ್ದಳು. ಪೊರೆ ತೆಗೆಸಿದ್ದ ಕಣ್ಣು ಅದು.

"ಈಗ ಹೊತ್ತಿಗೆ ಸೆರಿಯಾಗಿ ಮದ್ದು ಬೀಳ್ತಾ ಇದೆ ಮಗಳೇ. ನಿನ್ನ ಬೇಗ ಮನೆಗೆ ಕಳಿಸೋ ಆ ಪುಣ್ಯಾತ್ಮ ಯಾರು?"

ಸುಗನ್ಯಾಳ ಕೈ ಅಲ್ಲೇ ನಿಂತಿತು.

ಅಮ್ಮನ ಆಪರೇಷನ್ ವಿಷಯ ಅವಳು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ದಿನವೂ ಸ್ಟಾಫ್ ರೂಮಿನಿಂದಲೇ ಫೋನ್ ಮಾಡಿ, "ಅಮ್ಮಾ, ಮದ್ದು ಬಿಟ್ಕೊಂಡ್ಯಾ? ಕಣ್ಣು ಉಜ್ಜಬೇಡ ಅಂದ್ರೆ ಕೇಳಲ್ವಲ್ಲ ನೀನು!" ಎಂದು ಗದರುತ್ತಿದ್ದಳು. ಕನ್ನಡದಲ್ಲಿ. ತಮಿಳಿನವರ ನಡುವೆ ಯಾರಿಗೆ ತಿಳಿಯುತ್ತದೆ ಎಂಬ ಹಳೆಯ ಅಭ್ಯಾಸ.

ಅಲ್ಲಿ ಅದು ತಿಳಿಯುತ್ತಿದ್ದುದು ಒಬ್ಬನಿಗೇ!

ಬೆಳಗ್ಗೆ ಅವನನ್ನು ವರಾಂಡದಲ್ಲೇ ತಡೆದಳು. "ಅಮ್ಮನ ಕಣ್ಣಿಗೋಸ್ಕರ ನನ್ನ ಕ್ಲಾಸು ತಪ್ಪಿಸಿದ್ರಾ?"

ಅವನು ತಲೆತಗ್ಗಿಸಿದ. "ಕೇಳಿದ್ರೆ ನೀವು ಒಪ್ತಾ ಇರ್ಲಿಲ್ಲ..."

"ಒಪ್ಪೋದು, ಬಿಡೋದು ನನಗೆ ಸೇರಿದ್ದಲ್ವಾ ಸಾರ್? ನಾನು ಏನೇನೆಲ್ಲಾ ಅಂದ್ಕೊಂಡೆ ಗೊತ್ತಾ? ಎಷ್ಟು ಅತ್ತೆ ಗೊತ್ತಾ?"

"ತಪ್ಪಾಯ್ತು ಸುಗನ್ಯಾ." ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀವಿಲ್ದೆ ಆ ಮಕ್ಕಳು ಒಂದು ವಾಕ್ಯಾನೂ ನೆಟ್ಟಗೆ ಕಟ್ತಾ ಇಲ್ಲ. ನಿಜವಾಗ್ಲೂ."

ಕೋಪದ ನಡುವೆಯೇ ಅವಳಿಗೆ ನಗು ಬಂತು. "ಪಕ್ಕದ ಮನೆ ಸಾಮಿಯಾತಾಳ್ ಅಕ್ಕನ್ನ ಕೇಳ್ತೀನಿ, ಅಮ್ಮನಿಗೆ ಮದ್ದು ಬಿಡ್ತಾರೆ. ಇವತ್ತು ಸಂಜೆ ನಾನೂ ಬರ್ತೀನಿ."

ಇಂಗ್ಲಿಷ್ ಪರೀಕ್ಷೆಯ ದಿನ ಇಬ್ಬರೂ ಕೇಂದ್ರದ ಗೇಟಿನ ಹೊರಗೆ ಉಗುರು ಕಚ್ಚುತ್ತ ನಿಂತಿದ್ದರು. ಬೆಲ್ಲು ಹೊಡೆಯಿತು. ಸತ್ಯಾ ಓಡೋಡಿ ಬಂದಳು.

"ಮಿಸ್! ಅಜ್ಜಿ ಬಗ್ಗೆ ಕೇಳ್ಲೇ ಇಲ್ಲ! ಪಕ್ಕದ ಮನೆಯವರ ಬಗ್ಗೆ ಬರೀರಿ ಅಂತ ಇತ್ತು!"

ಸುಗನ್ಯಾ ಅವಳ ಭುಜ ಹಿಡಿದಳು. "ಏನ್ ಮಾಡ್ದೆ?"

"ನಮ್ಮ ಹಿಟ್ಟಿನ ಗ್ರೈಂಡರ್ ಕಡ ತಗೊಂಡು ವಾಪಸ್ ಕೊಡದ ಮಾಮಿ ಬಗ್ಗೆ ಬರೆದೆ ಮಿಸ್. ಜಾಗಾನೇ ಸಾಲಲಿಲ್ಲ!"

ಸುಗನ್ಯಾ ಅವಳನ್ನು ಬಾಚಿ ತಬ್ಬಿಕೊಂಡಳು. ಸತ್ಯಾ ಗೆಳತಿಯರತ್ತ ಓಡಿದ ಮೇಲೆ ನವನೀತನ್ ಗಂಟಲು ಸರಿಮಾಡಿಕೊಂಡ. ಹಣೆಯಲ್ಲಿ ಬೆವರು.

"ಸುಗನ್ಯಾ ಅವರೇ... ನಿಮ್ಮನ್ನು ಕಂಡ ದಿನದಿಂದ ನನ್ನ ಬಾಳೆಂಬ ಆಕಾಶದಲ್ಲಿ ಬೆಳದಿಂಗಳು..."

"ನಿಲ್ಲಿಸಿ, ನಿಲ್ಲಿಸಿ!" ಅವಳ ಕಣ್ಣಲ್ಲಿ ತುಂಟತನ ಕುಣಿಯಿತು. "ಈ ತೂಗುಕುರ್ಚಿ ಯಾರ ಮನೇದು ಸಾರ್?"

ಅವನು ಪೆಚ್ಚಾಗಿ ನಕ್ಕ. ಆಮೇಲೆ ನಿಧಾನವಾಗಿ ಹೇಳಿದ.

"ಅಮ್ಮ ಹೋದ ಮೇಲೆ ನನ್ನನ್ನ ಯಾರೂ ನಮ್ಮ ಮಾತಲ್ಲಿ ಬೈದಿರಲಿಲ್ಲ. ಮೊದಲ ದಿನ ನೀವು ಬೈದ್ರಿ... ಆಮೇಲೆ ನೀವು ಫೋನಲ್ಲಿ ಅಮ್ಮನ್ನ ಗದರೋವಾಗೆಲ್ಲ ಪೇಪರ್ ತಿದ್ದೋದು ಬಿಟ್ಟು ಕೇಳ್ತಾ ಕೂತಿರ್ತಿದ್ದೆ. ಆ ಬೈಗುಳ ಇನ್ಮೇಲೆ ದಿನಾ ನನಗೂ ಬೇಕು."

ಸುಗನ್ಯಾಳಿಗೆ ಅವನ ಮುಖ ಮಸುಕಾಯಿತು. ಕಣ್ಣೊರೆಸಿಕೊಂಡಳು.

"ಇದಕ್ಕೆ ಮಾರ್ಕ್ ಎಷ್ಟು ಟೀಚರ್?" ಅವನು ಅಂಜುತ್ತ ಕೇಳಿದ.

"ನಾನು ಯಾವಾಗಲೋ ಹಾಕಿ ಆಯ್ತು. ಇನ್ನು ಅಮ್ಮ ಹಾಕಬೇಕು. ಭಾನುವಾರ ಮನೆಗೆ ಬನ್ನಿ."

"ಅವರು ಫೇಲ್ ಮಾಡಿಬಿಟ್ರೆ?"

"ಮಾಡಲ್ಲ. ಈಗ ಅವರಿಗೆ ಕಣ್ಣು ಚೆನ್ನಾಗಿ ಕಾಣುತ್ತಲ್ಲ... ಮಂಗಾ!"