ವಾಣಿಯ ಹೊಟ್ಟೆಯೊಳಗಿನ ನೆಂಟರು

"ಉಂಡ್ರೇನೇ?" ವಾಣಿಯ ಹೊಟ್ಟೆಗೆ ಕಿವಿ ಹಚ್ಚಿ ಅಜ್ಜಿ ಕೇಳಿದಳು.

"ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ಲ ಅಂದ್ರೆ? ಹೊಟ್ಟೆ ಯಾರ್ದು?"

"ಹೊಟ್ಟೆ ನಂದೇ. ಆದ್ರೆ ಅವು ನನ್ನ ಕೇಳಿ ಉಣ್ತಾವಾ?"

ಅಜ್ಜಿ ಮುಖ ಸಣ್ಣದು ಮಾಡಿಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕುಳಿತಳು. ಭಾನುವಾರ, ಗಂಟೆ ಹನ್ನೊಂದೂವರೆ. ಬೆಳಗಿನಿಂದ ಅಜ್ಜಿ ಕುಡಿದದ್ದು ಒಂದು ಲೋಟ ಮಜ್ಜಿಗೆ ಮಾತ್ರ. ಅವಳ ಶುಗರ್ ಮಾತ್ರೆ ತಿಂಡಿಯಾದ ಮೇಲೆ ನುಂಗುವಂಥದ್ದು. ಅದು ಇನ್ನೂ ಡಬ್ಬಿಯಲ್ಲೇ ಇತ್ತು.

ಇದೆಲ್ಲ ಶುರುವಾದದ್ದು ನಿನ್ನೆ ಸಂಜೆ ಕ್ಲಿನಿಕ್ಕಿನಲ್ಲಿ.

ಐದನೇ ಕ್ಲಾಸಿನ ವಾಣಿಗೆ ಮೂರು ದಿನದಿಂದ ಹೊಟ್ಟೆ ಕಟ್ಟಿತ್ತು. ಟಾಯ್ಲೆಟ್ಟಿನಲ್ಲಿ ಕುಳಿತದ್ದೇ ಬಂತು, ಕೆಲಸ ಮಾತ್ರ ಆಗಿರಲಿಲ್ಲ. ಡಾಕ್ಟರ್ ಸುನೀತಾ "ಏನೇನು ತಿಂತೀಯಮ್ಮ?" ಎಂದು ಕೇಳಿದರು.

"ಮೊಸರನ್ನ, ಬ್ರೆಡ್ಡು, ಬಿಸ್ಕತ್ತು, ನೂಡಲ್ಸು."

"ತರಕಾರಿ? ಕಾಳು?"

ವಾಣಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು.

"ನೋಡು ಪುಟ್ಟಿ, ಸೊಪ್ಪು, ಕಾಳು, ಸಿಪ್ಪೆಯಲ್ಲಿ ನಾರು ಇರುತ್ತೆ. ಸಕ್ಕರೆಯ ಸಣ್ಣ ಸಣ್ಣ ಮಣಿ ಪೋಣಿಸಿ ಗಂಟು ಹಾಕಿದ ಹಾಗೆ. ಆ ಗಂಟು ಬಿಚ್ಚೋದು ನಮ್ಮ ಕೈಲಿ ಆಗಲ್ಲ. ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇದಾವಲ್ಲ, ಅವುಗಳ ಹತ್ರ ಎಂಜೈಮ್ ಅನ್ನೋ ಕತ್ತರಿ ಇರ್ತಾವೆ. ಒಂದೊಂದು ಥರದ ಗಂಟಿಗೆ ಒಂದೊಂದು ಕತ್ತರಿ. ಕಚಕಚ ಕತ್ತರಿಸಿ ತಾವೂ ತಿಂತಾವೆ, ನಮ್ಮ ಕರುಳಿಗೂ ಕೊಡ್ತಾವೆ. ನೀನು ನಾರೇ ತಿನ್ನದಿದ್ರೆ ಪಾಪ, ಅವು ಉಪವಾಸ. ಹಸಿವು ತಡೀಲಾರದೆ ಕರುಳಿನ ಗೋಡೆಯ ಲೋಳೆನೇ ತಿನ್ನೋಕೆ ಶುರು ಮಾಡ್ತಾವೆ."

ಜೊತೆಗೆ ಬಂದಿದ್ದ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ ಶಿವನೇ! ಅವು ಉಂಡಿದ್ದು ಹೆಂಗೆ ಗೊತ್ತಾಗ್ತೈತ್ರಿ?"

ಡಾಕ್ಟರ್ ನಕ್ಕರು. "ಅವು ತಿಂದಾಗ ಗ್ಯಾಸ್ ಆಗುತ್ತೆ ಅಜ್ಜಿ. ಸದ್ದು ಕೇಳಿದ್ರೆ ಊಟ ಆಯ್ತು ಅಂತ ತಿಳ್ಕೊಳ್ರಿ."

ಡಾಕ್ಟರ್ ತಮಾಷೆಗೆ ಹೇಳಿದ ಮಾತು. ಅಜ್ಜಿ ಶಕುಂತಲಮ್ಮನ ಮುಂದೆ ಅಂಥ ತಮಾಷೆ ಮಾಡಬಾರದೆಂದು ಅವರಿಗೆ ಯಾರು ಹೇಳಬೇಕು?

ದಾವಣಗೆರೆಯ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅಜ್ಜಿಯದು ಒಂದೇ ನೇಮ. ಮನೆಯೊಳಗೆ ಇದ್ದವರೆಲ್ಲ ಉಂಡ ಮೇಲೆ ಅವಳ ಊಟ. ಸಿಲಿಂಡರ್ ತಂದವನಾಗಲಿ, ನಲ್ಲಿ ರಿಪೇರಿಗೆ ಬಂದವನಾಗಲಿ, ಊಟದ ಹೊತ್ತಿಗೆ ಒಳಗಿದ್ದರೆ ಉಣ್ಣದೆ ಬಿಡುವಂತಿಲ್ಲ. ಒಮ್ಮೆ ಮನೆ ತಪ್ಪಿ ಬಂದ ಯಾರದೋ ಬೀಗರು ಇಲ್ಲಿ ಹೊಟ್ಟೆ ತುಂಬ ಹೋಳಿಗೆ ಉಂಡು, ಆಮೇಲೆ ತಾವು ಹೋಗಬೇಕಾದ ಮನೆ ಎಲ್ಲಿ ಎಂದು ಕೇಳಿಕೊಂಡು ಹೋಗಿದ್ದರು.

"ಕೋಟಿ ಜನ ಹಸ್ಕಂಡು ಗೋಡೆ ಕೆರ್ಕಂಡು ತಿಂತಾ ಕೂತಾರೆ. ಅಂಥಾ ಮನೇಲಿ ನಾನು ಹೆಂಗೆ ತುತ್ತು ಎತ್ಲಿ?" ಎಂದು ಅಜ್ಜಿ ಬೆಳಗ್ಗೆಯೇ ತಟ್ಟೆ ಬೋರಲು ಹಾಕಿದ್ದಳು.

"ಅವ್ವ, ಅವು ಜನ ಅಲ್ಲ, ಬ್ಯಾಕ್ಟೀರಿಯಾ," ಎಂದ ಅಪ್ಪ ಉಜ್ಜನಪ್ಪ.

"ಹೆಸರು ಏನಾದ್ರೂ ಇರ್ಲಿ. ಹಸಿವು ಹಸಿವೇ."

ವಾಣಿಗೆ ಮೊದಲು ನಗು ಬಂತು. ಅಮ್ಮ ಪುಷ್ಪಲತಾ ತಿಂಡಿಯ ತಟ್ಟೆ, ಮಾತ್ರೆ ಡಬ್ಬಿ ಹಿಡಿದು ಅಜ್ಜಿಯ ಹಿಂದೆ ಹಿಂದೆ ತಿರುಗುವುದನ್ನು ನೋಡಿದಾಗ ನಗು ನಿಂತಿತು. ವಾಣಿ ಮೂಗು ಹಿಡಿದುಕೊಂಡು ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯಸೊಪ್ಪು, ಹೀರೆಕಾಯಿ ಸಿಪ್ಪೆಯ ಚಟ್ನಿ ಎಲ್ಲ ನುಂಗಿದಳು. ಪಕ್ಕದ ಮನೆಯ ಮಾಬೂಬೀ ಕಾಂಪೌಂಡಿನ ಮೇಲಿಂದ ಎರಡು ಮೂಲಂಗಿ ಕೊಟ್ಟಳು.

"ಇದನ್ನ ತಿನ್ಸಿ ನೋಡ್ರಿ ಅಕ್ಕಾರೆ. ಓಣಿಗೆಲ್ಲಾ ಗೊತ್ತಾಗ್ಲಿಲ್ಲ ಅಂದ್ರೆ ನನ್ನ ಕೇಳ್ರಿ."

ಮೂಲಂಗಿಯೂ ಹೊಟ್ಟೆ ಸೇರಿತು. ಓಣಿಗೆ ಏನೂ ಗೊತ್ತಾಗಲಿಲ್ಲ.

ಹತ್ತು ಗಂಟೆಗೆ ಅಪ್ಪ ಪ್ಲಾಸ್ಟಿಕ್ ಕುರ್ಚಿಯನ್ನು ಬರ್ರನೆ ಎಳೆದು, "ಅವ್ವ, ಕೇಳ್ತಾ?" ಎಂದ.

"ಅದು ಕುರ್ಚಿ," ಎಂದಳು ಅಜ್ಜಿ.

"ಬಾತ್ರೂಮಿನಲ್ಲಿ ಬಂತಂತೆ ಅತ್ತೆ," ಎಂದಳು ಅಮ್ಮ.

"ನಾನು ಕೇಳಿದ್ನಾ? ಇನ್ಮೇಲೆ ನನ್ನ ಕಿವೀಲಿ ನಾನೇ ಕೇಳ್ಬೇಕು. ನಿಮ್ಮ್ಯಾರ ಮಾತೂ ನಂಬಲ್ಲ."

ಅಪ್ಪ ಡಾಕ್ಟರಿಗೆ ಫೋನ್ ಮಾಡಿದ. ಊಟ ದೊಡ್ಡ ಕರುಳಿಗೆ ಇಳಿಯಲು ಟೈಮ್ ಬೇಕು, ಅಜ್ಜಿ ಮೊದಲು ತಿಂಡಿ ತಿನ್ನಲಿ ಎಂದು ಅವರು ಗದರಿದರು. "ಡಾಕ್ಟರಮ್ಮ ಒಳ್ಳೇರು. ಆದ್ರೆ ನಮ್ಮ ಮನೆ ಪದ್ಧತಿ ಅವರಿಗೇನು ಗೊತ್ತು?" ಎಂದಳು ಅಜ್ಜಿ.

ಆಮೇಲೆ ಮನೆಯಲ್ಲಿ ಟಿವಿ ಬಂದ್, ಮಿಕ್ಸಿ ಬಂದ್. ಸದ್ದು ತಪ್ಪಿಹೋದೀತೆಂದು ಅಪ್ಪ ಕೆಮ್ಮಲು ಕೂಡ ಹಿತ್ತಲಿಗೆ ಹೋಗಿಬರುತ್ತಿದ್ದ.

ಒಂದು ಗಂಟೆಯ ಹೊತ್ತಿಗೆ ಗೇಟಿನ ಸದ್ದಾಯಿತು. ಕೊರಳಿಗೆ ಗುರುತಿನ ಕಾರ್ಡು, ಕೈಯಲ್ಲಿ ಮೊಬೈಲು ಹಿಡಿದ ರಾಜಕುಮಾರ್ ಸರ್ ನಿಂತಿದ್ದರು. ವಾಣಿಯ ಕ್ಲಾಸ್ ಟೀಚರ್! ದಿನಾ ಹರಿಹರದಿಂದ ಬಸ್ಸಿಗೆ ಬರುವ ಸರ್‌ಗೆ ಈ ವಾರ ಮನೆ ಮನೆ ಗಣತಿಯ ಕೆಲಸ.

ವಾಣಿ ಗೋಡೆಯ ಕಡೆ ಸರಿದಳು. ಸರ್ ಕೆಟ್ಟವರಲ್ಲ. ಆದರೆ ಅವರಿಗೆ ಪಾಠಕ್ಕೊಂದು ಉದಾಹರಣೆ ಬೇಕು. ಒಮ್ಮೆ ಅಂಜನಕುಮಾರ ಆಕಳಿಸಿದ್ದಕ್ಕೆ ಶ್ವಾಸಕೋಶದ ಪಾಠ ಮುಗಿಯುವವರೆಗೂ ಅವನ ಆಕಳಿಕೆಯೇ ಉದಾಹರಣೆಯಾಗಿತ್ತು. ಈಗಲೂ ಕ್ಲಾಸಿನಲ್ಲಿ ಅವನ ಹೆಸರು 'ಆಕಳಿಕೆ'.

"ಮನೇಲಿ ಎಷ್ಟು ಜನ ಅದೀರಿ?" ಸರ್ ಮೊಬೈಲ್ ತೆರೆದು ಕೇಳಿದರು.

"ನಾವು ನಾಲ್ಕು ಜನರಿ," ಎಂದಳು ಅಜ್ಜಿ. "ಮೊಮ್ಮಗಳ ಹೊಟ್ಟೇಲಿ ಇನ್ನು ಕೋಟಿಗಟ್ಟಲೆ ಅದಾರೆ."

ಸರ್ ಬೆರಳು ಗಾಳಿಯಲ್ಲೇ ನಿಂತಿತು. "ಯಾರ್ರಿ?"

"ಬ್ಯಾಕ್ಟೀರಿಯಾದವರು. ಬಂದು ಹೋಗೋರಲ್ರಿ, ಖಾಯಂ ಇರೋರು. ಬರ್ಕೊಳ್ರಿ."

"ಅಮ್ಮಾರೆ, ಈ ಆಪ್‌ನಾಗೆ ಅಷ್ಟು ಮಂದಿ ಹಿಡಿಯಲ್ರಿ..."

ಅದೇ ಹೊತ್ತಿಗೆ ವಾಣಿಯ ಹೊಟ್ಟೆಯಲ್ಲಿ ಗುಡುಗುಡು ಶುರುವಾಯಿತು. ಕೋಟಿ ಕತ್ತರಿಗಳು ಒಟ್ಟಿಗೆ ಆಡಿದಂತಾಯಿತು. ಗಾಳಿ ಸುತ್ತಿ ಸುತ್ತಿ ಕೆಳಗಿಳಿಯಿತು. ವಾಣಿ ಹಲ್ಲು ಕಚ್ಚಿ, ಕಾಲು ಜೋಡಿಸಿ, ಗೋಡೆಗೆ ಅಂಟಿ ನಿಂತಳು. ಈಗಲ್ಲ, ಸರ್ ಮುಂದೆ ಮಾತ್ರ ಅಲ್ಲ! ಸರ್ ಹೋದ ಮೇಲೆ ನೋಡಿಕೊಂಡರಾಯಿತು.

ಅಜ್ಜಿ ಸರ್‌ಗೆ ನೀರು ತರಲು ಎದ್ದಳು. ಎದ್ದವಳು ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ಅವಳು ತಂದ ನೀರಿನ ಚೊಂಬು ನಡುಗುತ್ತಿತ್ತು. ಅರ್ಧ ನೀರು ಚೆಲ್ಲಿ ಸರ್ ಪ್ಯಾಂಟು ಒದ್ದೆಯಾಯಿತು. ಅಜ್ಜಿಯ ಹಣೆಯ ಮೇಲೆ ಬೆವರು.

"ಹುಷಾರಿಲ್ಲೇನ್ರಿ ಅಮ್ಮಾರೆ?" ಸರ್ ಕೇಳಿದರು.

"ಏನಿಲ್ಲ ಬಿಡ್ರಿ. ಹೊಟ್ಟೇಲಿರೋ ಹುಡುಗ್ರು ಉಂಡ ಮೇಲೆ ಸರಿ ಹೋಗ್ತೈತೆ."

ವಾಣಿ ಸರ್ ಮುಖ ನೋಡಿದಳು. ಕ್ಲಾಸಿನ ನಲವತ್ತು ಮುಖಗಳು ಕಣ್ಣ ಮುಂದೆ ಬಂದವು. ಅಜ್ಜಿಯ ಮುಖ ನೋಡಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬಿಟ್ಟಳು.

ಹರಿಹರದ ಬಸ್ಸು ಹೊರಡುವಾಗ ಬಿಡುವ ಗಾಳಿಯಂತೆ ಶುರುವಾದದ್ದು ಮಧ್ಯದಲ್ಲಿ ತುತ್ತೂರಿಯಾಯಿತು. ಸರ್ ಮೊಬೈಲು ಕೆಳಗೆ ಬಿತ್ತು.

"ಉಂಡ್ರು!" ಅಜ್ಜಿ ಎರಡೂ ಕೈ ಮೇಲೆತ್ತಿ ಮುಗಿದಳು. "ಉಂಡ್ರವ್ವಾ!"

ಅಪ್ಪ ಚಪ್ಪಾಳೆ ತಟ್ಟಿದ. ಅಮ್ಮ ಮಾತ್ರೆ ತರಲು ಓಡಿದಳು. ಕಾಂಪೌಂಡಿನ ಆಚೆಯಿಂದ "ಮುಬಾರಕ್ ಅಕ್ಕಾರೆ!" ಎಂದು ಮಾಬೂಬೀ ಕೂಗಿದಳು. ಸರ್ ಒಬ್ಬೊಬ್ಬರ ಮುಖವನ್ನೂ ನೋಡಿ, ಬ್ಯಾಗು ಎದೆಗೆ ಅವುಚಿಕೊಂಡರು.

"ನಾನು ಇನ್ನು ಬರ್ತೀನ್ರಿ..."

"ಎಲ್ಲಿಗೆ? ಊಟದ ಹೊತ್ತು. ಕೈ ತೊಳ್ಕೊಳ್ರಿ, ಕೂಡ್ರಿ. ನೀವು ಉಂಡ ಮೇಲೇ ನಾನು," ಎಂದಳು ಅಜ್ಜಿ.

ಅಪ್ಪ ತಲೆ ಮೇಲೆ ಕೈ ಹೊತ್ತ. ವಾಣಿಗೆ ಎಲ್ಲಿಂದ ಬಂತೋ ಧೈರ್ಯ, "ಸರ್, ಬ್ಯಾಡ ಅನ್ಬೇಡ್ರಿ! ಬೇಗ ಬೇಗ ಉಣ್ರಿ ಸರ್!" ಎಂದು ಕೂಗಿದಳು.

ಸರ್ ಕುಳಿತು ಗಬಗಬ ಎರಡು ರೊಟ್ಟಿ ಉಂಡರು. ಎದ್ದು ಚಪ್ಪಲಿ ಮೆಟ್ಟಲು ಬಗ್ಗಿದಾಗ ಅವರಿಂದಲೂ ಒಂದು ಸಣ್ಣ ಸದ್ದು ಬಂತು. ಬೆಳಗ್ಗೆ ಏನು ತಿಂದು ಬಂದಿದ್ದರೋ! ಸರ್ ಮೆಲ್ಲಗೆ ತಿರುಗಿ ನೋಡಿದರು. ಬಾಗಿಲಲ್ಲಿ ವಾಣಿ ಒಬ್ಬಳೇ ಇದ್ದಳು.

"ಕ್ಲಾಸಲ್ಲಿ ಯಾರಿಗೂ ಹೇಳಬ್ಯಾಡ," ಎಂದರು ಸರ್.

"ನೀವೂ ಹೇಳಬ್ಯಾಡ್ರಿ ಸರ್."

ಒಳಗೆ ಅಜ್ಜಿ ಊಟಕ್ಕೆ ಕುಳಿತಿದ್ದಳು. ವಾಣಿ ಹೋಗಿ ಎದುರಿಗೆ ಕುಳಿತಳು. ಯೋಚಿಸಿದರೆ, ಅಜ್ಜಿ ಉಣ್ಣುವುದನ್ನು ಅವಳು ಯಾವತ್ತೂ ನೋಡಿಯೇ ಇರಲಿಲ್ಲ. ಅಜ್ಜಿ ಕುಳಿತುಕೊಳ್ಳುವ ಹೊತ್ತಿಗೆ ಎಲ್ಲರೂ ಎದ್ದು ಟಿವಿ ಮುಂದೆ ಇರುತ್ತಿದ್ದರು.

ಅಜ್ಜಿಯ ತಟ್ಟೆಯಲ್ಲಿ ಮುರಿದ ರೊಟ್ಟಿಯ ಚೂರುಗಳಿದ್ದವು. ಇಡೀ ರೊಟ್ಟಿಗಳನ್ನೆಲ್ಲ ಸರ್‌ಗೆ ಬಡಿಸಿಯಾಗಿತ್ತು. ಪಲ್ಯದ ಬೋಗುಣಿಯ ತಳ ಕೆರೆದು ಹಾಕಿಕೊಂಡಿದ್ದಳು. ಎಲ್ಲ ಆರಿ ತಣ್ಣಗಾಗಿತ್ತು. ಅಜ್ಜಿ ಮಾತ್ರ ಹಬ್ಬದೂಟ ಮಾಡುವವಳಂತೆ ಉಣ್ಣುತ್ತಿದ್ದಳು.

ವಾಣಿ ಅಡುಗೆಮನೆಯ ಕಡೆ ತಿರುಗಿದಳು.

"ಅಮ್ಮಾ, ಒಂದು ಬಿಸಿ ರೊಟ್ಟಿ ಮಾಡಿಕೊಡು."

"ಇನ್ನೂ ಹಸಿವೇನೇ ನಿಂಗೆ?"

"ನನಗಲ್ಲಮ್ಮ."

ಅಮ್ಮ ತವೆಯಿಂದ ತೆಗೆದ ರೊಟ್ಟಿಯನ್ನು ವಾಣಿಯೇ ತಂದು ಅಜ್ಜಿಯ ತಟ್ಟೆಗೆ ಹಾಕಿದಳು. ಅಜ್ಜಿ ಎಂದಿನಂತೆ ಗಬಕ್ಕನೆ ಮುರಿಯಲು ಹೋಗಿ, "ಅಬ್ಬಾ!" ಎಂದು ಬೆರಳು ಬಾಯಿಗಿಟ್ಟುಕೊಂಡಳು. ಬಿಸಿ ರೊಟ್ಟಿ ಉಂಡು ಅವಳಿಗೆ ರೂಢಿಯೇ ಇರಲಿಲ್ಲ.