ಮೂರನೇ ಸಲ ಕೆಟ್ಟ ಜೀಪು

ಮೊದಲ ಏಟು ಬಿದ್ದಾಗ ನಾನಿನ್ನೂ ಬಾನೆಟ್ ಕೂಡ ಎತ್ತಿರಲಿಲ್ಲ.

"ಮೂರನೇ ಸಲ ಕಣ್ಲಾ ಇದು!" ಶಿವಕುಮಾರಸ್ವಾಮಿ ಮತ್ತೆ ಕೈ ಎತ್ತಿದ. "ಎಂ.ಎ. ಓದಿದ್ದೀಯಂತೆ. ಒಂದು ಗಾಡಿ ನೆಟ್ಗೆ ಮಾಡಾಕೆ ಬರಕಿಲ್ವಾ?"

ಬಾಯಿಗೆ ಬಂದ ರಕ್ತ ಉಪ್ಪುಪ್ಪಾಗಿತ್ತು. ನುಂಗಿಕೊಂಡೆ. ಜೀಪಿನ ಹಿಂದಿನ ಸೀಟಿನಲ್ಲಿ ಅವನ ತಂಗಿ ಮಾಲಿನಿ ರಸ್ತೆಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಆದರೆ ಮುಂದಿನ ಕನ್ನಡಿಯೊಳಗೆ ಅವಳ ಕಣ್ಣು ನನ್ನ ತುಟಿಯ ಮೇಲೇ ಇತ್ತು.

"ಒಡೀಬ್ಯಾಡಿ ಬುದ್ಧೀ, ಈಗ್ಲೇ ಮಾಡ್ಕೊಡ್ತಾನೆ," ಎಂದು ನನ್ನ ಅಪ್ಪ ಮಂಟೇಸ್ವಾಮಿ ಕೈಮುಗಿದ. ಕೊಳ್ಳೇಗಾಲದ ಹನೂರು ರಸ್ತೆಯ ಈ ಗ್ಯಾರೇಜು ಅವನದು. ಓದು ಮುಗಿಸಿ ನಾನು ಅದೇ ಎಣ್ಣೆಮಸಿಗೆ ಬಂದು ನಾಲ್ಕು ವರ್ಷ.

ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ತನ್ನನ್ನು ಯಾರೂ ಹಿಂದೆ ಹಾಕಬಾರದೆಂದು ಶಿವಕುಮಾರಸ್ವಾಮಿ ಹಳೇ ಪೆಟ್ರೋಲ್ ಜೀಪಿಗೆ ಸೂಪರ್‌ಚಾರ್ಜರ್ ಕೂರಿಸಿಕೊಂಡಿದ್ದ. ಅದು ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಆ ಒತ್ತಡಕ್ಕೆ ಬೂಸ್ಟ್ ಅಂತಾರೆ. ಬೂಸ್ಟ್ ಏರದಿದ್ದರೆ ಜೀಪು ಬರೀ ಸದ್ದು ಮಾಡುತ್ತದೆ, ಎಳೆಯುವುದಿಲ್ಲ.

ಎರಡು ತಿಂಗಳ ಹಿಂದೆ ಅವನು ಮಾಲಿನಿಯ ಫೋನನ್ನು ಅಂಗಳದ ಕಲ್ಲಿಗೆ ಬಡಿದು ಪುಡಿಮಾಡಿದ್ದ. ಯಾವನೋ ಒಬ್ಬನಿದ್ದಾನೆ ಎಂದಷ್ಟೇ ಅವನಿಗೆ ಗೊತ್ತಾಗಿತ್ತು. ಫೋನಿನಲ್ಲಿ ನನ್ನ ಹೆಸರು 'ಕುಸುಮ ಮೇಡಂ' ಎಂದಿತ್ತು. ಬೆಲ್ಟಿನಿಂದ ಹೊಡೆದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಅಂದಿನಿಂದ ಯಳಂದೂರಿನ ಮನೆಯಿಂದ ಕಾಮಗೆರೆ ಆಸ್ಪತ್ರೆಗೆ, ಅವಳು ಕೆಲಸ ಮಾಡುವ ಲ್ಯಾಬಿಗೆ, ದಿನಾ ಅವನೇ ಬಿಟ್ಟು ಬರುತ್ತಿದ್ದ. ದಾರಿ ನಮ್ಮ ಗ್ಯಾರೇಜಿನ ಮುಂದೆಯೇ.

ಜೀಪು ಕೆಡಲು ಶುರುವಾದದ್ದೂ ಅಂದಿನಿಂದಲೇ.

ಮೊದಲ ಸಲ ಗಾಳಿ ಪೈಪಿನ ಕ್ಲ್ಯಾಂಪು ಸಡಿಲವಾಗಿತ್ತು. ಎರಡನೇ ಸಲ ಬೆರಳು ಗಾತ್ರದ ರಬ್ಬರ್ ಪೈಪು ಕಳಚಿತ್ತು. ಎರಡು ಸಲವೂ ನಾನು ಬೇಕೆಂದೇ ನಿಧಾನ ಮಾಡಿದ್ದೆ. ಎರಡು ಸಲವೂ ಅವಳು ಅರ್ಧ ಗಂಟೆ ನನ್ನೆದುರು ಕೂತಿದ್ದಳು.

ಇವತ್ತು ಇಂಜಿನ್ ಆಫ್ ಮಾಡಿ, ಕಂಪ್ರೆಸರಿನಿಂದ ಪೈಪಿಗೆ ಗಾಳಿ ಬಿಟ್ಟು, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದೆ. ಸೋರಿಕೆ ಇದ್ದರೆ ಗುಳ್ಳೆ ಏಳಬೇಕು. ಕಿವಿಯೂ ಕೊಡಬೇಕು.

"ಅಣ್ಣಾ, ಬೇಗ ಮುಗಿಸೋಕೆ ಹೇಳು," ಎಂದಳು ಮಾಲಿನಿ. "ಮಗೂಗೆ ಸ್ನಾನ ಮಾಡಿಸೋ ಹಾಗೆ ಸೋಪು ಹಚ್ತಾ ಇದಾರೆ."

ನನಗೆ ನಗು ಬಂತು. ಒಡೆದ ತುಟಿ ಉರಿಯಿತು. ಬಾನೆಟ್ಟಿನ ಪಕ್ಕದಿಂದ ಇಣುಕಿದೆ, ಅವಳ ಕೆನ್ನೆಯ ಗುಳಿ ಕಂಡು ಮಾಯವಾಯಿತು.

"ಇವತ್ತೇ ಕಡೆ ಬಿಡು," ಶಿವಕುಮಾರಸ್ವಾಮಿ ಅಪ್ಪನಿಗೆ ಹೇಳಿದ. "ನಾಳೆಯಿಂದ ಕೆಲ್ಸ ಬಿಡಿಸ್ತೀವಿ. ಮುಂದಿನ ವಾರ ಮದ್ವೆ. ಆಮೇಲೆ ಇವಳನ್ನ ಕಾಯೋ ಪಾಡು ಗಂಡನ್ದು."

ಬ್ರಶ್ ನನ್ನ ಕೈಯಿಂದ ಜಾರಿತು.

ಒಂದು ಗುಳ್ಳೆಯೂ ಏಳಲಿಲ್ಲ. ಉಳಿದದ್ದು ಬೈಪಾಸ್ ವಾಲ್ವ್. ಪೈಪಿನೊಳಗಿನ ಪುಟ್ಟ ಬಾಗಿಲು ಅದು. ಮುಚ್ಚಿದರೆ ಗಾಳಿ ಇಂಜಿನ್ನಿಗೆ ಹೋಗುತ್ತದೆ, ತೆರೆದೇ ಇದ್ದರೆ ಸುತ್ತಿ ಸುತ್ತಿ ವಾಪಸು ಬರುತ್ತದೆ. ಹಿಂದೊಮ್ಮೆ ಫೋನಿನಲ್ಲಿ ಅವಳಿಗೆ ಇದನ್ನೆಲ್ಲ ಹೇಳಿ ಫೋಟೋ ಕಳಿಸಿದ್ದೆ. 'ಪ್ರೀತಿ ಮಾಡ್ತೀನಿ ಅನ್ನೋಕೆ ಬಾಯಿ ಬರಲ್ಲ, ವಾಲ್ವ್ ಬಗ್ಗೆ ಆದ್ರೆ ಗಂಟೆಗಟ್ಟಲೆ ಮಾತಾಡ್ತೀಯ' ಎಂದು ಅವಳು ರೇಗಿಸಿದ್ದಳು.

ವಾಲ್ವನ್ನು ತೆರೆದು ಮುಚ್ಚುವ ಪುಟ್ಟ ಸನ್ನೆಕೋಲಿನ ಸಂದಿಯಲ್ಲಿ ಬೆರಳಾಡಿಸಿದೆ. ಏನೋ ಮೆತ್ತಗೆ ಸಿಕ್ಕಿತು. ಎಳೆದೆ. ನೇರಳೆ ಬಣ್ಣದ ರಬ್ಬರ್ ಮುಚ್ಚಳ, ವಾಲ್ವ್ ಮುಚ್ಚದಂತೆ ತುರುಕಿದ್ದು. ಲ್ಯಾಬಿನಲ್ಲಿ ರಕ್ತ ಹಿಡಿಯುವ ಟ್ಯೂಬಿನದು.

ಮುಷ್ಟಿ ಬಿಗಿದೆ.

"ಏನ್ಲಾ ಸಿಕ್ತು?"

"ಏನಿಲ್ಲ."

"ಕೈ ಬಿಡ್ಸು."

ಮುಷ್ಟಿಯನ್ನು ಬೆನ್ನ ಹಿಂದೆ ಒಯ್ದೆ. ಅವನು ನನ್ನ ಮಣಿಕಟ್ಟು ಹಿಡಿದು ಜೀಪಿನ ಬಂಪರಿನ ಮೇಲೆ ಒತ್ತಿದ. ಇನ್ನೊಂದು ಕೈಯಲ್ಲಿ ನಮ್ಮದೇ ವೀಲ್ ಸ್ಪ್ಯಾನರ್ ಇತ್ತು. ಮೊದಲ ಹೊಡೆತಕ್ಕೆ ಕಿರುಬೆರಳು ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯದಕ್ಕೆ ಕಣ್ಣು ಕತ್ತಲಾಯಿತು. ಅಪ್ಪ ಕಿರುಚಿಕೊಂಡು ಅವನ ಕಾಲು ಹಿಡಿದ. ಅವನು ಅಪ್ಪನ ಎದೆಗೆ ಒದ್ದ. ನಾನು ಮುಷ್ಟಿ ಬಿಡಿಸಲಿಲ್ಲ.

"ಬಿಡೋ ಅವನನ್ನ!"

ಮಾಲಿನಿ ಜೀಪಿನಿಂದ ಧುಮುಕಿದ್ದಳು. "ಅದನ್ನ ಅಲ್ಲಿಟ್ಟೋಳು ನಾನು. ಮೂರು ಸಲಾನೂ ನಾನೇ ಕೆಡಿಸಿದ್ದು. ಇವನನ್ನ ನೋಡೋಕೆ. ಸಾಕಾ?"

ಶಿವಕುಮಾರಸ್ವಾಮಿ ನನ್ನ ಕಡೆ ತಿರುಗಿದ.

"ಇವನಾ?" ಎಂದ. "ಹೋಗಿ ಹೋಗಿ ಇವ್ರ ಕೇರಿಯೋನಾ? ನಮ್ ಜಾತಿಯೋರು ಯಾರೂ ಸಿಗ್ಲಿಲ್ವಾ?"

ಅವನು ಬೀಸಿದ ಕೈಗೆ ಅವಳು ಜೀಪಿನ ಬಾಗಿಲಿಗೆ ಬಡಿದು ಬಿದ್ದಳು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಸ್ಪ್ಯಾನರ್ ಎತ್ತಿದ.

ಆಮೇಲಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಎಡಗೈಗೆ ಜಾಕಿನ ಸರಳು ಸಿಕ್ಕಿತು. ಅವನ ಭುಜಕ್ಕೆ ಬಿಟ್ಟೆ. ಎಲುಬು ಮುರಿಯಿತು. ಅವನು ಮಂಡಿಯೂರಿದಾಗ ಮತ್ತೆ ಎತ್ತಿದೆ. ಈ ಸಲ ತಲೆಗೇ ಬಿಡುವವನಿದ್ದೆ. ಮಾಲಿನಿ ತೆವಳಿ ಬಂದು ನನ್ನ ಕಾಲು ತಬ್ಬಿದಳು.

"ಬೇಡ ಮೂರ್ತಿ. ನೀನು ಜೈಲಿಗೆ ಹೋದ್ರೆ ನಾನೆಲ್ಲಿಗೆ ಬರ್ಲಿ?"

ಸರಳು ಬಿಟ್ಟೆ. ಅಪ್ಪ ಎದೆ ಒತ್ತಿಕೊಂಡೇ ಪೊಲೀಸರಿಗೆ ಫೋನ್ ಮಾಡುತ್ತಿದ್ದ.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನನ್ನ ಬೆರಳುಗಳಿಗೆ ಪಟ್ಟಿ ಕಟ್ಟಿದರು. ಅವಳ ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಶಿವಕುಮಾರಸ್ವಾಮಿಯನ್ನು ಪಕ್ಕದ ವಾರ್ಡಿಗೆ ಸೇರಿಸಿದ್ದರು. ಬಾಗಿಲಾಚೆ ಅವಳ ತಾಯಿ ಶಂಕರಮ್ಮ ನೆಂಟರ ಜೊತೆ ಕಾಯುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಸದಾಶಿವಪ್ಪ ಪೆನ್ನು ತೆಗೆದರು.

"ಗಾಡಿ ರಿಪೇರಿ ಜಗಳ ಅಂತ ಆ ಕಡೆಯೋರು ಬರೆಸವ್ರೆ. ನೀನೂ ಅದ್ನೇ ಅಂದ್ರೆ ರಾಜಿ ಮಾತಾಡ್ತಾರಂತೆ. ಹುಡ್ಗೀನ ಮನೆಗೆ ಕರ್ಕೊಂಡೋಯ್ತಾರೆ. ಏನಂತೀಯಪ್ಪ?"

ಅಪ್ಪ ನೆಲ ನೋಡುತ್ತಿದ್ದ. ಎದುರಿನ ಬೆಂಚಿನಲ್ಲಿ ಮಾಲಿನಿ ನನ್ನನ್ನು ನೋಡುತ್ತಿದ್ದಳು. ಊದಿದ ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. ತೆರೆದಷ್ಟರಲ್ಲೇ ಕಾಯುತ್ತಿದ್ದಳು. ಓದುವ ದಿನಗಳಲ್ಲಿ ಪರಿಚಯವಾದಾಗಿನಿಂದ, ಆರು ವರ್ಷ, ನಾನು ಎಲ್ಲದಕ್ಕೂ ಸುಮ್ಮನಿದ್ದೆ. ಅದನ್ನೇ ಅವಳು ಪ್ರೀತಿ ಅಂದುಕೊಂಡು ಏಟು ತಿಂದಿದ್ದಳು.

"ಸುಳ್ಳು ಸಾ," ಎಂದೆ. ಮತ್ತೆ ಹೇಳಿದೆ, ಬಾಗಿಲಾಚೆಗೂ ಕೇಳುವ ಹಾಗೆ. "ನಾನು ಮಾಲಿನೀನ ಪ್ರೀತಿಸ್ತೀನಿ. ಅದಕ್ಕೇ ಹೊಡೆದ್ರು. ಅದಕ್ಕೇ ನಾನೂ ಹೊಡೆದೆ. ಅವಳನ್ನ ಮದುವೆ ಆಗ್ತೀನಿ. ಹಾಗೇ ಬರ್ಕೊಳ್ಳಿ."

ಹೊರಗೆ ಯಾರೋ ಬೈಯುತ್ತಾ ಬಾಗಿಲು ಗುದ್ದಿದರು. ಕಾನ್‌ಸ್ಟೇಬಲ್ ಎದ್ದು ಹೋಗಿ ಚಿಲಕ ಹಾಕಿ ಬಂದರು. "ಹುಡ್ಗಿ ಏನಂತಾಳೆ? ವಯಸ್ಸು ಎಷ್ಟಮ್ಮ?"

"ಇಪ್ಪತ್ತಾರು. ನಾನು ಆ ಮನೆಗೆ ಹೋಗಲ್ಲ ಸಾರ್," ಎಂದಳು ಮಾಲಿನಿ. ಎದ್ದು ಬಂದು, ಎಲ್ಲರೆದುರೇ, ನನ್ನ ಪಕ್ಕದಲ್ಲಿ ಕೂತಳು. "ಇವನು ಹೇಳಿದ್ದನ್ನ ಒಂದ್ಸಲ ಓದಿ ಹೇಳಿ. ಒಂದಕ್ಷರಾನೂ ಬಿಡಬೇಡಿ."