ಮೂರು ಗ್ಯಾಲನ್ ಟ್ಯಾಂಕು

ಸಿನಿಮಾ ಟೆಂಟಿನಲ್ಲಿ ಕೂತು ಎಷ್ಟು ಹೀರೋಗಳನ್ನು ನೋಡಿದ್ದೀರಿ ನೀವು? ಕುದುರೆ ಏರಿ ಬಂದವನು, ಕತ್ತಿ ಹಿಡಿದು ಬಂದವನು, ಎರಡು ಹಾಡು ಹಾಡಿ ಬೇಲಿ ಹಾರಿದವನು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ. ನಮ್ಮ ಬೀರಲಿಂಗಪ್ಪನ ಮುಂದೆ ಅವರೆಲ್ಲ ಗೇಟಿನಲ್ಲಿ ಟಿಕೆಟ್ ಹರಿಯಬೇಕು! ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಎಲ್ಲಿ ಬೇಕಾದರೂ ಹುಡುಕಿ ಬನ್ನಿ. ಒಬ್ಬ ಹುಡುಗಿಗೋಸ್ಕರ ಏರುಬಿಸಿಲಿನಲ್ಲಿ, ಹೋರಿಯಷ್ಟು ತೂಕದ ಮೋಟಾರ್ ಸೈಕಲ್ಲನ್ನು ಮೂರು ಮೈಲಿ ಕೈಯಲ್ಲಿ ತಳ್ಳಿಕೊಂಡು ಬಂದ ಗಂಡಸು ಇನ್ನೊಬ್ಬ ಸಿಕ್ಕರೆ ನಾನು ಕಥೆ ಹೇಳುವುದನ್ನೇ ಬಿಡುತ್ತೇನೆ.

ಎರಡನೇ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ಪೆಟ್ರೋಲಿಗೆ ಮಾತ್ರ ಇನ್ನೂ ರೇಷನ್. ಕೂಪನ್ ಇದ್ದವರಿಗೆ ಪೆಟ್ರೋಲು, ಇಲ್ಲದವರಿಗೆ ಇದ್ದಲಿನ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡುವ ಬಸ್ಸು.

ಹೊನ್ನಾಳಿಯಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕ ಗಿಡ್ಡಪ್ಪನ ಪೆಟ್ರೋಲ್ ಪಂಪು. ಆಳೆತ್ತರದ ಕಬ್ಬಿಣದ ಕಂಬ, ಅದರ ತಲೆಯ ಮೇಲೆ ದೊಡ್ಡದೊಂದು ಗಾಜಿನ ಡಬ್ಬ. ಪಕ್ಕದ ಹಿಡಿಕೆಯನ್ನು ಹಿಂದೆ ಮುಂದೆ ಎಳೆದರೆ ನೆಲದೊಳಗಿನ ಪೆಟ್ರೋಲು ಮೇಲೆದ್ದು ಗಾಜಿನಲ್ಲಿ ತುಂಬುತ್ತಿತ್ತು. ಗ್ಯಾಲನ್ನಿನ ಗೆರೆ ಮುಟ್ಟಿದ ಮೇಲೆ ಗಾಡಿಗೆ ಬಿಡಬೇಕು. ಗಿಡ್ಡಪ್ಪನಿಗೆ ಬಲದೋಳಿನ ನೋವು. ಹಾಗಾಗಿ ಹಿಡಿಕೆ ಎಳೆಯುವುದು, ಕೂಪನ್ ಹರಿಯುವುದು, ಅಪ್ಪ ಹೇಳಿದ ಕಾಗದಗಳನ್ನು ಬರೆಯುವುದು, ಎಲ್ಲವೂ ಮಗಳು ಅಂಜಮ್ಮನ ಕೆಲಸ.

ಬೀರಲಿಂಗಪ್ಪ ಶಿವಮೂರ್ತಪ್ಪನವರ ಟೂರಿಂಗ್ ಟಾಕೀಸಿನ ಪ್ರಚಾರದವನು. ಸೈಕಲ್ಲಿಗೆ ತಗಡಿನ ತುತ್ತೂರಿ ಕಟ್ಟಿಕೊಂಡು ಊರೂರಿಗೆ ಹೋಗಿ ಸಿನಿಮಾ ಕೂಗುತ್ತಿದ್ದ. ಒಂದೊಂದು ಚಿತ್ರವನ್ನೂ ನಲವತ್ತು ಸಲ ನೋಡಿ, ಅವನ ಬಾಯಲ್ಲಿ ಸ್ವಂತ ಮಾತಿಗಿಂತ ಪರದೆಯ ಮಾತೇ ಜಾಸ್ತಿಯಾಗಿತ್ತು. ಒಂದು ಬೆಳಿಗ್ಗೆ ಪಂಪಿನ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಮುಖದಲ್ಲಿ ಚೂರೂ ನಗುವಿಲ್ಲದೆ ಹೇಳಿದ.

"ಒಂದು ಗ್ಯಾಲನ್ ಹಾಕ್ರಿ."

ಅಂಜಮ್ಮ ಸೈಕಲ್ಲಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. "ಎಲ್ಲಿಗೆ ಹಾಕ್ಲಿ? ಬೆಲ್ಲಿಗಾ, ಸೀಟಿಗಾ?"

"ಓಡಿಸೋನ ಬಾಯಿಗೆ ಹಾಕ್ರಿ. ಗಾಡಿ ತಾನೇ ಓಡ್ತೈತೆ."

"ಬಾಯಿ ಈಗ್ಲೇ ಬಾಳ ಓಡಾಕತ್ತೈತೆ. ಕೂಪನ್ ತಗೀರಿ."

ಅವನು ಎದೆಯ ಮೇಲೆ ಕೈಯಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. "ಎಲೈ ಸುಂದರಿ! ಹೃದಯವನ್ನೇ ಅಂಗೈಯಲ್ಲಿ ಹಿಡಿದು ಬಂದವನ ಬಳಿ ಕೂಪನ್ ಕೇಳುವೆಯಾ?"

"ಹೃದಯಕ್ಕೆ ರೇಷನ್ ಇಲ್ರಿ," ಎಂದಳು ಅಂಜಮ್ಮ. "ಸಂತೆಯಾಗೆ ಗುಡ್ಡೆ ಹಾಕಿ ಮಾರ್ತಾರೆ. ಪೆಟ್ರೋಲಿಗೆ ಮಾತ್ರ ಕೂಪನ್ ಬೇಕು."

ಹಾಗೆ ಹೇಳಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಒಳಗೆ ಹೋದಳು. ಕಚ್ಚಿದ್ದು ನಗು ತಡೆಯಲೋ ಕೋಪಕ್ಕೋ ಎಂದು ಬೀರಲಿಂಗಪ್ಪ ಮೂರು ದಿನ ಯೋಚಿಸಿದ.

ಆಮೇಲೆ ಅವನ ಹಿಂದಿನ ಟೈರಿಗೆ ಒಂದು ವಿಚಿತ್ರ ಕಾಯಿಲೆ ಬಂತು. ದಿನಾ ಹತ್ತು ಗಂಟೆಗೆ ಸರಿಯಾಗಿ, ಪಂಪಿಗೆ ಇಪ್ಪತ್ತು ಗಜ ದೂರದಲ್ಲಿ ಗಾಳಿ ಇಳಿಯುತ್ತಿತ್ತು.

"ಆ ಮೂಲೆಯಾಗೆ ನಿಂತು ನೀವೇ ಗಾಳಿ ಬಿಡದು ನಾ ನೋಡೀನ್ರಿ," ಎಂದಳು ಅವಳು ಒಂದು ದಿನ.

"ಯಾವತ್ತು ನೋಡಿದ್ರಿ?"

"ಮೊದಲ್ನೇ ದಿನಾನೇ."

"ಅಂದ್ರೆ ನೋಡಿದ ಮ್ಯಾಲೂ ತಿಂಗಳುಗಟ್ಟಲೆ ಗಾಳಿ ಹೊಡ್ಕೊಟ್ಟೀರಿ!"

ಅಷ್ಟರಲ್ಲಿ ಯಾವುದೋ ಕಾರು ಬಂದು ಅಂಜಮ್ಮನನ್ನು ಉಳಿಸಿತು. ಅವಳು ಹಿಡಿಕೆ ಎಳೆದಳು. ಗಾಜಿನಲ್ಲಿ ಪೆಟ್ರೋಲು ಜೇನಿನ ಬಣ್ಣದಲ್ಲಿ ಮೇಲೇರಿತು. ಈ ಕಡೆ ಬೀರಲಿಂಗಪ್ಪ, ಆ ಕಡೆ ಅವಳು. ಗುಳ್ಳೆಗಳ ನಡುವೆ ಅವಳ ಮುಖ ನೀರೊಳಗಿನ ದೀಪದ ಹಾಗೆ ಅಲ್ಲಾಡಿತು. ಅವಳು ನೋಡಬೇಕಾದದ್ದು ಗೆರೆಯನ್ನು. ನೋಡಿದ್ದು ಅವನನ್ನು. ಕಾರಿನವನಿಗೆ ಒಂದು ಗೆರೆ ಜಾಸ್ತಿಯೇ ಬಿತ್ತು.

ಟೆಂಟಿಗೆ ಒಂದೂರಿನಲ್ಲಿ ಆರೇ ತಿಂಗಳ ಲೈಸೆನ್ಸು. ಅದು ಮುಗಿದು ಟೆಂಟು ಹತ್ತು ಮೈಲಿ ಆಚೆ ನ್ಯಾಮತಿಗೆ ಹೋಯಿತು. ಹೊಸ ಜಾಗದಲ್ಲಿ ಗೂಟ ಹೊಡೆಯುವಾಗ ಶಿವಮೂರ್ತಪ್ಪನವರು ಬೀರಲಿಂಗಪ್ಪನನ್ನು ಕರೆದರು.

"ಇನ್ನು ಸವಳಂಗದಿಂದ ಸೂಳೆಕೆರೆ ತನಕ ಕೂಗ್ಬೇಕು. ಸೈಕಲ್ಲಿನಾಗೆ ಆಗದಲ್ಲ ಅದು. ಹೊನ್ನಾಳಿ ಚಿತ್ತಪ್ಪನ ಶೆಡ್ಡಿಗೆ ಮಿಲಿಟರಿ ಹರಾಜಿನ ಫಟಫಟಿ ಎರಡು ಬಂದಾವಂತೆ. ಓಡಿಸೋನು ನೀನು, ಆರಿಸೋನೂ ನೀನೇ. ತಿಂಗಳಿಗೆ ಮೂರು ಗ್ಯಾಲನ್ ಕೂಪನ್ ಕೊಡ್ತೀನಿ. ಹೊನ್ನಾಳಿಯಾಗೇ ಹಾಕಿಸ್ಬೇಕು, ಬ್ಯಾರೆ ಎಲ್ಲೂ ಪಂಪಿಲ್ಲ."

ಕೊನೆಯ ಮಾತು ಬೀರಲಿಂಗಪ್ಪನ ಕಿವಿಗೆ ಜೋಗುಳದಂತೆ ಕೇಳಿತು. ಪೆಟ್ರೋಲು ಖಾಲಿಯಾದಾಗಲೆಲ್ಲ ಅಂಜಮ್ಮ!

ಶೆಡ್ಡಿನಲ್ಲಿ ಮೆಕ್ಯಾನಿಕ್ ಚಿತ್ತಪ್ಪ ಎರಡೂ ಮೋಟಾರ್ ಸೈಕಲ್ಲುಗಳನ್ನು ತೋರಿಸಿದ. ಒಂದು ಐನೂರು ಸಿಸಿ. ಕಿಕ್ ಹೊಡೆದರೆ ಶೆಡ್ಡಿನ ತಗಡೆಲ್ಲ ನಡುಗುತ್ತಿತ್ತು. ಇನ್ನೊಂದು ನೂರಿಪ್ಪತ್ತೈದು. ಹೊಲಿಗೆ ಮಿಷನ್ನಿನ ಹಾಗೆ ಸಣ್ಣಗೆ ಸದ್ದು ಮಾಡಿಕೊಂಡು ನಿಂತಿತ್ತು.

"ದೊಡ್ಡದು ಕುಡುಕ ಕಣಪ್ಪ," ಎಂದ ಚಿತ್ತಪ್ಪ. "ಸಣ್ಣದು ಕುಡಿಯೋದು ಅರ್ಧ. ಆದ್ರೆ ಅದಕ್ಕೆ ಟ್ಯಾಂಕು ಒಂದೇ ಗ್ಯಾಲನ್ದು. ಜೊತೆಗೆ ಹಾಕಿಸೋವಾಗೆಲ್ಲ ಪೆಟ್ರೋಲಿಗೆ ಎಂಜಿನ್ ಆಯಿಲ್ ಅಳೆದು ಬೆರೆಸಿ ಕಲಕಬೇಕು. ಕಾಲು ಗಂಟೆ ಹಿಡಿತೈತೆ. ಯೋಚನೆ ಮಾಡು."

ಬೀರಲಿಂಗಪ್ಪ ಯೋಚನೆ ಮಾಡಿದ. ಕುಡುಕ ಎಂದಮೇಲೆ ಬೇಗ ಖಾಲಿಯಾಗುತ್ತದೆ. ಬೇಗ ಖಾಲಿಯಾದರೆ ಬೇಗ ಹೊನ್ನಾಳಿಗೆ ಬರಬೇಕು. ದೊಡ್ಡದೇ ಸರಿ! ಅಷ್ಟು ದೊಡ್ಡ ಬುದ್ಧಿವಂತಿಕೆ ತಲೆಯಲ್ಲಿ ಹಿಡಿಸದೆ, ನೇರ ಪಂಪಿಗೆ ನಡೆದ.

ಅಂಜಮ್ಮನಿಗೆ ಆಗಲೇ ಸುದ್ದಿ ಗೊತ್ತಿತ್ತು. "ಯಾವುದು ತಗಂತೀರಿ?" ಎಂದಳು. ಕೈ ಸುಮ್ಮನೆ ಕೂಪನ್ನಿನ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿತ್ತು.

"ನೋಡ್ತಾ ಇರ್ರಿ. ನಾ ಬರೋದು ಒಂದು ಮೈಲಿ ದೂರಕ್ಕೇ ಕೇಳ್ಬೇಕು ನಿಮಗೆ. ಐನೂರು ಸಿಸಿ!"

"ಸಣ್ಣದು ಚಂದೈತಂತಲ್ಲ."

"ಅದನ್ನ ಓಡಿಸಿದ್ರೆ ಜನ ಸೊಳ್ಳೆ ಅಂತ ಹೊಡೀತಾರೆ."

"ದೊಡ್ಡದಕ್ಕೆ ಟ್ಯಾಂಕು ಎಷ್ಟು ಗ್ಯಾಲನ್ದು?"

"ಮೂರು!" ಎಂದ ಬೀರಲಿಂಗಪ್ಪ, ತಾನೇ ಹೆತ್ತು ಸಾಕಿದ ಹಾಗೆ.

ಮುಚ್ಚಳದ ಸದ್ದು ನಿಂತಿತು. "ಹಂಗಾರೆ ಅದನ್ನೇ ತಗಳ್ರಿ," ಎಂದಳು ಅಂಜಮ್ಮ. ಈ ಸಲ ಸೆರಗು ಕಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ.

ಸುಂದರಿ ಬೆರಗಾದಳು ಎಂದುಕೊಂಡ ಪೆದ್ದ.

ಎರಡು ದಿನ ಚಿತ್ತಪ್ಪನ ಹತ್ತಿರ ಓಡಿಸುವುದನ್ನು ಕಲಿತು, ಒಂದನೇ ತಾರೀಖು ದೊಡ್ಡದನ್ನೇರಿ ಪಂಪಿಗೆ ಬಂದ. ಶಿವಮೂರ್ತಪ್ಪನವರು, ಎರಡೆರಡು ಸಲ ಓಡಾಡಬೇಡ, ಒಂದೇ ಸಲ ತುಂಬಿಸಿಕೋ ಎಂದು ಮೂರೂ ಕೂಪನ್ ಕೊಟ್ಟಿದ್ದರು. ಅಂಜಮ್ಮ ಹಿಡಿಕೆ ಎಳೆದಳು. ಗಾಜು ತುಂಬಿತು, ಇಳಿಯಿತು. ತುಂಬಿತು, ಇಳಿಯಿತು. ಮತ್ತೆ ತುಂಬಿತು. ಅವನು ಗಾಜಿನ ಈ ಕಡೆ ಕಾಯುತ್ತಲೇ ಇದ್ದ. ಅವಳ ಕಣ್ಣು ಗೆರೆ ಬಿಟ್ಟು ಅಲ್ಲಾಡಲಿಲ್ಲ.

ಮೂರು ಕೂಪನ್ನನ್ನೂ ಒಟ್ಟಿಗೆ ಹರಿದಳು. "ಆತಲ್ಲ, ಇನ್ನು ಮುಂದಿನ ತಿಂಗಳು ಒಂದನೇ ತಾರೀಖು ಬರ್ರಿ."

ಆಗ, ಆಗಷ್ಟೇ, ನಮ್ಮ ಹೀರೋನ ತಲೆಯಲ್ಲಿ ಲೆಕ್ಕ ಬಿಚ್ಚಿಕೊಂಡಿತು. ಎಷ್ಟೇ ಕುಡುಕನಾದರೂ ತಿಂಗಳ ಕೂಪನ್ನೆಲ್ಲ ಒಂದೇ ಗುಟುಕಿಗೆ ಹೊಟ್ಟೆ ಸೇರಿತ್ತು. ಸಣ್ಣದಾಗಿದ್ದರೆ ಮೂರು ಸಲ ಬರಬೇಕಿತ್ತು. ಬಂದಾಗಲೆಲ್ಲ ಕಾಲು ಗಂಟೆ ಎಣ್ಣೆ ಕಲಕುತ್ತಾ ನಿಲ್ಲಬೇಕಿತ್ತು. ಅವಳು ಟ್ಯಾಂಕು ಕೇಳಿದ್ದು ಯಾಕೆ ಎಂಬುದು ಅವನಿಗೆ ಹೊಳೆಯುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.

ಪೆಟ್ರೋಲು ಇಲ್ಲದಿದ್ದರೇನು, ಗಾಳಿಗೆ ಬರಬಹುದಲ್ಲ ಎನ್ನುತ್ತೀರಿ. ಬಂದ. ಚನ್ನಗಿರಿ ಕಡೆ ಹೋಗುವಾಗ ಒಮ್ಮೆ, ಸೂಳೆಕೆರೆ ಏರಿಯ ಮೇಲೆಲ್ಲ ಕೂಗಿಕೊಂಡು ವಾಪಸ್ ಬರುವಾಗ ಒಮ್ಮೆ. ಆದರೆ ಅವನು ಹೇಳಿದ್ದು ನಿಜವೇ ಆಗಿತ್ತು. ಆ ಎಂಜಿನ್ನು ಒಂದು ಮೈಲಿ ದೂರಕ್ಕೇ ಕೇಳುತ್ತಿತ್ತು. ದಬ್ ದಬ್ ಎಂದು ಅವನು ಪಂಪು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಹಿಡಿಕೆ ಮಾತ್ರ ಇರುತ್ತಿತ್ತು, ಹಿಡಿಯುವವಳು ಇರುತ್ತಿರಲಿಲ್ಲ. ತೋಳು ನೀವಿಕೊಳ್ಳುತ್ತಾ ಗಿಡ್ಡಪ್ಪನೇ ಬಂದು ಗಾಳಿಯ ಪೈಪು ಕೈಗೆ ಕೊಡುತ್ತಿದ್ದ.

ಹನ್ನೊಂದನೇ ದಿನ ಚಿತ್ತಪ್ಪ ಸುಮ್ಮನಿರಲಾರದೆ ಹೇಳಿದ. "ಸೋಮವಾರ ಗಿಡ್ಡಪ್ಪನ ಮಗಳನ್ನ ನೋಡಾಕೆ ಜಗಳೂರಿಂದ ಬರ್ತಾರಂತೆ ಕಣಪ್ಪ. ಹುಡುಗ ಸೊಸೈಟಿಯಾಗೆ ಗುಮಾಸ್ತ. ಅವಳು ಹೂಂ ಅಂದಿಲ್ಲ, ಊಹೂಂ ಅಂತಾನೂ ಅಂದಿಲ್ಲಂತೆ."

ಅಂದು ಶನಿವಾರ.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬೀರಲಿಂಗಪ್ಪ ಗಾಡಿ ತಳ್ಳಿಕೊಂಡು ಪಂಪಿನ ಮುಂದೆ ಬಂದು ನಿಂತ. ಅಂಗಿ ಬೆನ್ನಿಗೆ ಅಂಟಿತ್ತು. ಮೂರು ಮೈಲಿ! ಟ್ಯಾಂಕು ಒಣಗಿದ ಬಾವಿ! ಅಂಜಮ್ಮ ಕಂಬದ ಗಾಜು ಒರೆಸುತ್ತಿದ್ದಳು. ತಿರುಗಿದವಳು ಒಳಗೆ ಓಡಲು ಹೊತ್ತಿಲ್ಲದೆ ಬಟ್ಟೆ ಹಿಡಿದು ಅಲ್ಲೇ ನಿಂತಳು.

"ಏನಾತ್ರಿ?"

"ಪೆಟ್ರೋಲು ಮುಗೀತು. ಮೂರು ಮೈಲಿಯಿಂದ ತಳ್ಕೊಂಡು ಬಂದೆ."

"ಕೂಪನ್ ಐತಾ?"

"ಇಲ್ಲ."

"ಮತ್ತೆ ಯಾಕ್ ಬಂದ್ರಿ?"

ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡು ಬಂದಿದ್ದ. ಹೇ ಚಂದ್ರವದನೆ, ಬಂಧಿಸು ಇಲ್ಲವೇ ಬಿಡುಗಡೆ ನೀಡು, ಇನ್ನೂ ಏನೇನೋ. ಬಾಯಿ ತೆರೆದ. ನಲವತ್ತು ಆಟಗಳಲ್ಲಿ ಒಂದು ಸಾಲೂ ಬರಲಿಲ್ಲ.

"ನೋಡಾಕೆ," ಎಂದ.

ಅಂಜಮ್ಮ ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ಮತ್ತೆ ಬಿಚ್ಚಿದಳು.

"ದೊಡ್ಡದು ತಗಂಡಾಗ ಈ ನೋಡೋದು ಎಲ್ಲಿಗೆ ಹೋಗಿತ್ತು?"

"ಬಾಳ ಕುಡಿತೈತೆ, ಬಾಳ ಸಲ ಬರಬೌದು ಅಂತ ತಗಂಡೆ ಅಂಜಮ್ಮಾರೆ. ಟ್ಯಾಂಕಿನ ವಿಚಾರ ತಲೆಗೆ ಹೋಗ್ಲಿಲ್ಲ."

ಅವಳು ಅವನನ್ನೇ ನೋಡಿದಳು. ತುಟಿಯ ಒಂದು ಕೊನೆ ಮೊದಲು ಸೋತಿತು, ಆಮೇಲೆ ಇನ್ನೊಂದು. "ನಾನು ಇವರಿಗೆ ತಿಂಗಳಿಗೊಂದು ಸಲ ನನ್ನ ಮುಖ ನೋಡಿದ್ರೆ ಸಾಕಾಗ್ತೈತೆ ಅನ್ಕಂಡು ಹತ್ತು ದಿನದಿಂದ ಸರಿಯಾಗಿ ಉಂಡಿಲ್ಲ!" ಎಂದಳು. ನಗುತ್ತಿದ್ದಳು, ಆದರೆ ಕಣ್ಣು ತುಂಬಿತ್ತು. "ಇಷ್ಟು ದಡ್ಡರು ಅಂತ ಗೊತ್ತಿದ್ರೆ ಉಂಡಿರ್ತಿದ್ದೆ."

"ನಾಳೆ ಜಗಳೂರಿನವರು..."

"ಅವರ ಮಾತು ಬಿಡ್ರಿ. ನಿಮ್ಮ ಮಾತು ಹೇಳ್ರಿ."

"ನಾನು ಸಣ್ಣದು ತಗಂತೀನಿ," ಎಂದ ಬೀರಲಿಂಗಪ್ಪ. ಜಗತ್ತಿನಲ್ಲಿ ಯಾವ ಹೀರೋನೂ ಹಾಗೆ ಮದುವೆ ಕೇಳಿರಲಿಕ್ಕಿಲ್ಲ. ಅವಳಿಗೆ ಅರ್ಥವಾಯಿತು.

ಒಳಗಿನಿಂದಲೇ ಮಾತೆಲ್ಲ ಕೇಳಿಸಿಕೊಂಡ ಗಿಡ್ಡಪ್ಪ ಹೊರಗೆ ಬಂದ. "ಏನಮ್ಮಾ, ಪೆಟ್ರೋಲು ಮುಗೀತಂತಾ?"

ಅಂಜಮ್ಮ ಟ್ಯಾಂಕಿನ ಮುಚ್ಚಳ ತೆಗೆದು ಅಳತೆಯ ಬಿದಿರುಕಡ್ಡಿ ಇಳಿಬಿಟ್ಟು ನೋಡಿದಳು. "ಒಂದು ಹನಿನೂ ಇಲ್ಲಪ್ಪ."

"ಅಯ್ಯೋ. ಕೂಪನ್ನೂ ಇಲ್ಲ. ಬಾರಪ್ಪ ಒಳಗೆ, ಬಿಸಿಲಾಗೆ ಎಷ್ಟೊತ್ತು ನಿಲ್ತೀಯ? ಉಂಡು ಹೋಗು."

ಮುದ್ದೆ ಮುರಿಯುತ್ತಾ ಗಿಡ್ಡಪ್ಪ ಕೇಳಿದ. "ನಿಮ್ಮದು ಯಾವ ಬೆಡಗಪ್ಪ?"

ಬೀರಲಿಂಗಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಹೆಣ್ಣಿನ ತಂದೆ ಊಟಕ್ಕೆ ಕೂರಿಸಿ ಬೆಡಗು ಕೇಳುವುದು ಸುಮ್ಮನಲ್ಲ. ಒಂದೇ ಬೆಡಗಿನವರಾದರೆ ಅಣ್ಣ ತಂಗಿ, ಕಥೆ ಅಲ್ಲಿಗೇ ಖತಂ. ಬಾಗಿಲ ಹಿಂದೆ ಬಳೆಯ ಸದ್ದು ನಿಂತುಹೋಯಿತು. ಅವನು ಬೆಡಗಿನ ಹೆಸರು ಹೇಳಿದ.

ಗಿಡ್ಡಪ್ಪ ಇನ್ನೆರಡು ತುತ್ತು ನುಂಗಿದ. "ನಮ್ದು ಬ್ಯಾರೆ," ಎಂದ. "ಕೊಟ್ಟು ತರಬೌದು. ಅಂಜೀ, ಜಗಳೂರಿಗೆ ಒಂದು ಕಾಗದ ಬರಿ. ಬರಬ್ಯಾಡ್ರಿ, ಇಲ್ಲೇ ಸಂಬಂಧ ಕೂಡೋ ಹಂಗೈತೆ ಅಂತ. ಸಂಜೆ ಬಸ್ಸಿನಾಗೆ ಕಳಿಸಿಬಿಡಾನ."

"ಬೆಳಿಗ್ಗೆ ಬಸ್ಸಿಗೇ ಕಳಿಸಿದೀನಪ್ಪ," ಎಂದಿತು ಬಾಗಿಲು.

ಹೀಗೆ ಪ್ರೇಮ ಗೆದ್ದಿತು. ದೊಡ್ಡದನ್ನು ಚಿತ್ತಪ್ಪನಿಗೆ ವಾಪಸ್ ಕೊಟ್ಟು ಸಣ್ಣದು ತಂದರು. ಆ ಸಣ್ಣದಕ್ಕೆ ಎಣ್ಣೆ ಕಲಕಲು ಕಾಲು ಗಂಟೆಯ ಬದಲು ಮುಕ್ಕಾಲು ಗಂಟೆ ಯಾಕೆ ಹಿಡಿಯುತ್ತದೆ ಎಂಬುದು ಶಿವಮೂರ್ತಪ್ಪನವರಿಗೆ ಮದುವೆಯ ಕರೆಯೋಲೆ ಬರುವ ತನಕ ಗೊತ್ತಾಗಲಿಲ್ಲ.

ಇಲ್ಲಿಗೇ ಮುಗಿಸಿದರೆ ನನ್ನ ಹೀರೋ ಹೀರೋನಾಗಿಯೇ ಉಳಿಯುತ್ತಾನೆ. ಆದರೆ ಒಂದು ಸುಳ್ಳು ಹೇಳಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಮೂರು ಮೈಲಿಯಲ್ಲ. ಬೀರಲಿಂಗಪ್ಪ ಗಾಡಿ ತಳ್ಳಿದ್ದು ಊರ ಬಾಗಿಲಿನ ಹುಣಸೆಮರದಿಂದ, ಹೆಚ್ಚೆಂದರೆ ಇನ್ನೂರು ಗಜ. ಅಂಗಿ ನೆನೆದದ್ದು ಅಲ್ಲಿನ ಬಾವಿಯ ನೀರಿನಲ್ಲಿ. ಪೆಟ್ರೋಲೂ ಮುಗಿದಿರಲಿಲ್ಲ. ಸದ್ದು ಕೇಳಿ ಅವಳು ಒಳಗೆ ಹೋಗಿಬಿಟ್ಟಾಳೆಂದು ಮೈಲಿ ದೂರದ ದಿಬ್ಬದ ಮೇಲೇ ಎಂಜಿನ್ ಆಫ್ ಮಾಡಿ, ಮರದ ತನಕ ಇಳಿಜಾರಿನಲ್ಲಿ ಉರುಳಿಸಿಕೊಂಡು ಕಳ್ಳನಂತೆ ಬಂದಿದ್ದ.

ಬಿದಿರುಕಡ್ಡಿ ಅರ್ಧದ ತನಕ ನೆಂದು ಬಂದಿತ್ತು. ಅಂಜಮ್ಮ ಕಡ್ಡಿ ನೋಡಿದಳು, ಅವನ ಮುಖ ನೋಡಿದಳು, ಅಪ್ಪ ಹತ್ತಿರ ಬರುವ ಮೊದಲೇ ಕಡ್ಡಿಯನ್ನು ಸೆರಗಿಗೆ ಒರೆಸಿಕೊಂಡಳು. ಅವಳು ಅಪ್ಪನಿಗೆ ಒಂದು ಹನಿನೂ ಇಲ್ಲಪ್ಪ ಎಂದು ಹೇಳಿದ್ದು ಅದಾದ ಮೇಲೆ.